ಹೆಣ್ಣು ನೋಡಲು ಹೋಗಿ ಜರ್ಮನಿಯನ್ನು ಹೊಗಳಿದ್ದು

ಖಟಕ ಚಿಂಚೋಳಿಯ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಈಗ ಭಾಲ್ಕಿಯ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಪ್ರತಿ ವರ್ಷ ಮತ್ತೆ ಕರೆದರೆ ಮಾತ್ರ ಹೋಗಬೇಕಾದವನು. ಔರಾದಿಗೆ ಹೆಣ್ಣು ನೋಡಲು ಹೊರಟಾಗ ಪಂಢರಿ ಮಾಮಾ ಬಸ್ಸಿನಲ್ಲೇ ತಾಕೀತು ಮಾಡಿದರು: 'ಅತಿಥಿ' ಎನ್ನಬೇಡ, ಲೆಕ್ಚರರ್ ಎಂದರೆ ಸಾಕು. ನಾನು ಒಪ್ಪಿದೆ. ಹುಡುಗಿ ಮನಿಷಾಳನ್ನು ಬೀದರಿನ ಒಂದು ಮದುವೆಯಲ್ಲಿ ನೋಡಿದ್ದೆ. ಈ ಸಂಬಂಧ ತಪ್ಪಿದರೆ ಇನ್ನೊಂದು ಬೇಡ ಎನ್ನುವಷ್ಟು ಆಸೆಯಿತ್ತು.

ಜೈಭೀಮ್ ಆಯಿತು, ಅವಲಕ್ಕಿ ಆಯಿತು. ಹುಡುಗಿಗೆ ನಮ್ಮವರ ಪ್ರಶ್ನೆಗಳು ಮುಗಿದ ಮೇಲೆ, ಹುಡುಗನೂ ಏನಾದರೂ ಕಲಿಸಿ ತೋರಿಸಲಿ ಎಂದರು ಆಕೆಯ ಸೋದರತ್ತೆ ಶಾಲುಬಾಯಿ. ಬೇರೆಯವರಾದರೆ ನಾಚುತ್ತಿದ್ದರು. ನಾನು ಚಹಾದ ಕಪ್ಪಿನ ಕೆಳಗಿನ ಬಸಿಗಳನ್ನು ದೇಶಗಳಂತೆ ಜೋಡಿಸಿ ಮೊದಲ ಮಹಾಯುದ್ಧಕ್ಕೇ ಕೈಹಾಕಿದೆ. ಜರ್ಮನಿಯ ದಂಡು ಗಟ್ಟಿ, ರೈಲು ಚುರುಕು. ಆದರೆ ಎರಡೂ ಕಡೆ ವೈರಿಗಳು. ಬ್ರಿಟನ್ನಿಗೆ ಸಮುದ್ರವೆಲ್ಲ ಹಡಗು, ನೆಲದ ಮೇಲೆ ಸಣ್ಣ ಸೈನ್ಯ. ರಷ್ಯಾಕ್ಕೆ ಲೆಕ್ಕವಿಲ್ಲದಷ್ಟು ಮಂದಿ, ಆದರೆ ಕೂಡಿಸುವಷ್ಟರಲ್ಲಿ ತಡ. ಮಾಮಾ ಚಹಾ ಕುಡಿಯುತ್ತಿದ್ದ ಬಸಿಯನ್ನೂ ಕಿತ್ತುಕೊಂಡು ಆಸ್ಟ್ರಿಯಾ ಮಾಡಿದೆ: ಹಳೆಯ ದೊಡ್ಡ ಮನೆ, ಒಳಗೆ ಒಬ್ಬರಿಗೊಬ್ಬರು ಒಗ್ಗದ ಜನ, ಜರ್ಮನಿಯ ಹೆಗಲಿಲ್ಲದೆ ನಿಲ್ಲುವುದಿಲ್ಲ.

ಎಲ್ಲರೂ ಬೆರಗಾಗಿದ್ದಾರೆ ಎಂದುಕೊಂಡೆ. ಬಹುಶಃ ದಣಿದಿದ್ದರು.

"ಇಷ್ಟು ಕಮಜೋರಿ ಅವರಿಗಿ ಗೊತ್ತಿರಲಿಲ್ಲೇನ್ರಿ ಸರ್?" ಎಂದು ಕೇಳಿದಳು ಮನಿಷಾ.

"ಗೊತ್ತಿತ್ತರಿ. ಮುಚ್ಚಿಟ್ಟು, ಎದಿ ಉಬ್ಬಿಸಿ ಹೊಂಟ್ರು."

"ಮತ್ತ ನಿಮ್ಮದೇನದರಿ ಕಮಜೋರಿ?"

ಮಾಮಾ ಕೆಮ್ಮಿದರು. ಸಾಮ್ರಾಜ್ಯಗಳ ಹುಳುಕೆಲ್ಲ ಹೇಳಿದ ಬಾಯಿಗೆ ತನ್ನದನ್ನು ನುಂಗುವುದು ಆಗಲಿಲ್ಲ.

"ನೌಕರಿ ಖಾಯಂ ಇಲ್ಲರಿ. ವರ್ಷಾ ವರ್ಷಾ ಹೊಸದಾಗಿ ಕರೀತಾರ."

ಹುಡುಗಿಯ ತಂದೆ ಕಾಶೀರಾಮ ಕಪ್ಪಿನೊಳಗೆ ನೋಡುತ್ತ, ಮಗಳ ನರ್ಸ್ ಕೆಲಸವೂ ಗುತ್ತಿಗೆಯದೇ ಎಂದರು. ಹುಡುಗಿ ಸರ್ಕಾರಿ ನರ್ಸ್ ಎಂದು ತಮ್ಮೂರು ಕಮಲನಗರದ ತುಂಬ ಹೇಳಿಕೊಂಡು ಬಂದಿದ್ದ ಮಾಮಾ ಚಪ್ಪಲಿ ಹುಡುಕತೊಡಗಿದರು.

"ಹಂಗಾದ್ರ ಇಬ್ಬರೂ ಆಸ್ಟ್ರಿಯಾನೇ," ಎಂದರು ಶಾಲುಬಾಯಿ. "ಯಾರು ಯಾರ ಹೆಗಲ ಮ್ಯಾಲ ಕೈ ಇಡ್ತೀರಿ?"

ಅದು ನಮ್ಮ ಸಿಲೆಬಸ್ಸಿನಲ್ಲಿರಲಿಲ್ಲ.

"ಅಪ್ಪಾ, ಬರೋ ಐತವಾರ ಇವರ ಮನಿ ನೋಡ್ಲಾಕ ಹೋಗೋಣ," ಎಂದಳು ಮನಿಷಾ. ಮನೆ ನೋಡಲು ಬರುವುದೆಂದರೆ ನಮ್ಮ ಕಡೆ ಅರ್ಧ ಒಪ್ಪಿಗೆ. ಮಾಮಾ ಬಂದು ಮತ್ತೆ ಕುಳಿತರು, ಇನ್ನೊಂದು ಚಹಾ ಕೇಳಿದರು.