ಎರಡು ವರ್ಷದ ತಂಡದ ಕೀಪರ್

ಕೈಗೆ ಬಂದ ಚೆಂಡನ್ನು ಬಿಡುತ್ತಿರಲಿಲ್ಲವೆಂದು ಎಲ್ಲರೂ ಅವನನ್ನು ಅಂಟು ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡು ಅಣ್ಣನ ಕ್ಷೌರದಂಗಡಿ. ಅಲ್ಲಿ ಎರಡನೇ ಕುರ್ಚಿ ಅವನದು. ಆಯ್ಕೆಯಲ್ಲಿ ನಗರದವರಿಗೇ ಮಣೆ ಎಂಬ ಗೊಣಗಾಟ ಜೋರಾದಾಗ, ಕ್ರಿಕೆಟ್ ಸಂಘದವರು ಸುತ್ತಲ ಮೂರು ಜಿಲ್ಲೆ ಸೇರಿಸಿ ಒಂದು ಪ್ರಾಂತ್ಯ ತಂಡ ಕಟ್ಟಿದರು. ವಿಕೆಟ್ ಹಿಂದೆ ನಿಲ್ಲಲು ಅಂಟುವಿಗೆ ಕರೆ ಬಂತು. ಕೈ ನಂಬಿ ಬದುಕುವವರು ನಾವು, ಹುಷಾರು ಅಂದ ಅಣ್ಣ. ಆದರೂ ತಡೆಯಲಿಲ್ಲ; ಪಂದ್ಯದ ದಿನ ಎರಡೂ ಕುರ್ಚಿಗೆ ತಾನೊಬ್ಬನೇ ಓಡಾಡಿದ.

ಮೊದಲ ವರ್ಷ ಬರೀ ಸೋಲು. ಎರಡನೇ ವರ್ಷ ಒಂದು ಪಂದ್ಯ ಕೈಗೆಟುಕುವ ಹಾಗಿತ್ತು. ಅಷ್ಟರಲ್ಲಿ ಪುಟಿದೆದ್ದ ಚೆಂಡೊಂದು ಅಂಟುವಿನ ಬಲಗೈ ಹೆಬ್ಬೆರಳಿಗೆ ಬಡಿಯಿತು. ಗ್ಲೌಸ್ ಬಿಚ್ಚಿದರೆ ಬೆರಳು ಬದನೆಕಾಯಿ. ತಂಡದಲ್ಲಿ ಬೇರೆ ಕೀಪರ್ ಇರಲಿಲ್ಲ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಾಯಕ ಪಕ್ಕದಲ್ಲಿ ಬಂದು ಕೂತ.

"ಇವತ್ತೊಂದಿನ ತಡ್ಕೊಳೋ. ಗೆದ್ರೆ ತಂಡ ಉಳಿಯುತ್ತೆ."

ಅಂಟು ಬಟ್ಟೆ ಬಿಗಿದು ನಿಂತ. ಸಂಜೆಯವರೆಗೆ ಅದೇ ಬೆರಳಿಗೆ ಮತ್ತೆ ಮತ್ತೆ ಪೆಟ್ಟು. ತಂಡ ಗೆದ್ದಿತು.

ಮುರಿದ ಬೆರಳನ್ನು ಅಷ್ಟು ದುಡಿಸಿದ್ದಕ್ಕೇ ಕೀಲು ಕೆಟ್ಟಿದೆ, ಇನ್ನು ಬಾಗುವುದಿಲ್ಲ ಎಂದರು ಡಾಕ್ಟರು. ಮೈದಾನಕ್ಕೆ ಜನ ಬರುತ್ತಿಲ್ಲವೆಂದು ಸಂಘ ಆ ವರ್ಷವೇ ತಂಡಕ್ಕೆ ಬಾಗಿಲು ಹಾಕಿತು. ನಾಯಕನನ್ನು ನಗರದ ತಂಡ ಸೇರಿಸಿಕೊಂಡಿತು. ಅಂಟುವಿಗೆ ಕತ್ತರಿಯೇ ಹಿಡಿಯಲಾಗಲಿಲ್ಲ.

"ನನ್ನ ಗಡ್ಡ ತೆಗಿ, ಎಡಗೈಲಿ" ಎಂದು ಅಣ್ಣ ಒಂದು ದಿನ ಕುರ್ಚಿಯಲ್ಲಿ ಕೂತ. ಕೆನ್ನೆ, ಗಲ್ಲ ಎಲ್ಲ ಗೀರಾಯಿತು. ಬೆಕ್ಕಿನ ಜೊತೆ ಕುಸ್ತಿಯಾ ಎಂದು ಗಿರಾಕಿಗಳು ಕೇಳಿದರೆ ಹೌದೆಂದು ನಗುತ್ತಿದ್ದ. ಮರುದಿನ ಮತ್ತೆ ಮುಖ ಒಡ್ಡುತ್ತಿದ್ದ.

ಕೈ ತುಸು ಪಳಗಿದ ಕಾಲಕ್ಕೆ ನಾಯಕ ಅಂಗಡಿಗೆ ಬಂದ. ಕೈ ಹೇಗಿದೆ ಎಂದು ವಿಚಾರಿಸಿದ. ಇದೆ ಅಂದ ಅಂಟು.

"ತಮ್ಮನ ಕುರ್ಚಿ ಖಾಲಿ ಇದೆ, ಕೂತ್ಕೊಳಿ" ಅಂದ ಅಣ್ಣ.

ಅಂಟು ಆಗಲೇ ಹೊದಿಸುವ ಬಟ್ಟೆ ಕೊಡವಿ ನಿಂತಿದ್ದ. ನಾಯಕ ಅಣ್ಣನ ಗೀರುಬಿದ್ದ ಕೆನ್ನೆ ನೋಡಿದ. ಏನೋ ಅರ್ಜೆಂಟು ಕೆಲಸವಿದೆ, ಇನ್ನೊಮ್ಮೆ ಬರುತ್ತೇನೆಂದು ಮೆಟ್ಟಿಲಿಳಿದ.

ಅಂಟು ಬಟ್ಟೆ ಮಡಿಸಿಟ್ಟ.

"ಅಣ್ಣಾ, ಈ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡು."

ತಿಂಗಳು ಕಳೆದ ಮೇಲೆ ಹೊಸಬನೊಬ್ಬ ಕೆಲಸಕ್ಕೆ ಬಂದ. ಅಂಟು ಗೋದಾಮೊಂದರ ಕಾವಲಿಗೆ ಸೇರಿ, ಅಲ್ಲೇ ಮುದುಕನಾದ.