ಅಂಗೈಯಲ್ಲೇ ನಿಂತ ಪೂಜೆ

ಪೂಜೆ ಆಗದೆ ನಮ್ಮ ಯಜಮಾನರ ಬಾಯಿಗೆ ಒಂದು ಅಗುಳು ಹೋದದ್ದಿಲ್ಲ. ಮದುವೆಯಾಗಿ ಬಾಳೆಹೊನ್ನೂರಿಗೆ ಬಂದ ಲಾಗಾಯ್ತಿನಿಂದ ನೋಡಿದ್ದೇನೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡಬೇಕು, ತಿಂಡಿ ಆಮೇಲೆ. ಕಬ್ಬಿಣದ ಅಂಗಡಿ ಮುಂದೆ ಗಿರಾಕಿ ಕಾಯುತ್ತಿದ್ದರೂ ಅಷ್ಟೇ, ಜ್ವರ ಬಂದರೂ ಅಷ್ಟೇ.

ಪಾರ್ಕಿನ್ಸನ್ ಬಂದು ಮೊದಲು ನಡುಗಿದ್ದು ಆ ಎಡಗೈಯೇ. ಕೆಳಗೆ ದಿಂಬು ಕೊಟ್ಟು ಅದಕ್ಕೆ ಹೇಗೋ ಒಗ್ಗಿಕೊಂಡೆವು. ಆಮೇಲೆ ಶುರುವಾಯಿತಲ್ಲ, ಅದು ನನ್ನ ಜೀವ ಹಿಂಡಿತು. ಲಿಂಗಕ್ಕೆ ನೀರೆರೆದವರು ಹಾಗೇ ಕೂತುಬಿಡುತ್ತಾರೆ. ಮುಂದೆ ಗಂಧವೋ ಪತ್ರೆಯೋ, ಹೊಳೆಯುವುದಿಲ್ಲ. ಮುಗಿಯದೆ ಏಳುವಂತಿಲ್ಲ, ಮುಗಿಸಲು ತಿಳಿಯುವುದಿಲ್ಲ.

"ಮರೆತಿಲ್ಲಮ್ಮ, ಒಳಗೇ ಇದೆ. ತೆಗೆಯೋದು ಕಷ್ಟ ಆಗಿದೆ. ಎದುರಿಗೆ ಮಾಡಿ ತೋರಿಸಿದರೆ ಬರ್ತದೆ" ಎಂದರು ಶಿವಮೊಗ್ಗದ ಡಾಕ್ಟ್ರು.

ತೋರಿಸುವವರು ಯಾರು? ನಾನೇ! ನನ್ನ ಕೊರಳಲ್ಲೂ ಲಿಂಗ ಇದೆಯಲ್ಲ. ದಿನಾ ಎದುರು ಕೂತೆ. ನಾನು ಗಂಧ ಹಚ್ಚಿದರೆ ಅವರೂ ಹಚ್ಚಿದರು, ಪತ್ರೆ ಏರಿಸಿದರೆ ಏರಿಸಿದರು. ಎಷ್ಟು ಖುಷಿಪಟ್ಟೆ ಆವತ್ತು! ಕಾಲಿಗೆ ಹಗ್ಗ ಬಿತ್ತೆಂದು ತಿಳಿದದ್ದು ತಂಗಿಯ ಮೊಮ್ಮಗುವಿನ ನಾಮಕರಣ ಬಂದಾಗ.

ಅವಳ ಊರು ನರಸಿಂಹರಾಜಪುರ ಏನು ಕಾಶಿಯೇ? ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಒಳಗೆ ಬರಬಹುದು. ಆದರೆ ಪೂಜೆ ಮಾಡಿಸಿ ಹೊರಡೋಣವೆಂದರೆ, ಬೆಳಗಿನ ಮಾತ್ರೆ ಹಿಡಿಯುವವರೆಗೆ ಇವರ ಮೈ ಏಳುವುದಿಲ್ಲ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. "ನೀವು ಹೋಗಿ ಬನ್ನಿ ಅತ್ತೆ, ನಾನು ಒಂದೊಂದೇ ಹೇಳಿ ಮಾಡಿಸ್ತೀನಿ" ಎಂದಳು ಸೊಸೆ. ಅವಳ ಕೊರಳಲ್ಲಿ ಲಿಂಗವಿಲ್ಲ, ಹೇಳಬಹುದೇ ಹೊರತು ಮಾಡಿ ತೋರಿಸುವಂತಿಲ್ಲ. ಹೋದೆ. ತೊಟ್ಟಿಲ ಶಾಸ್ತ್ರ ಮುಗಿದದ್ದೇ, ಹೋಳಿಗೆ ಎಲೆಯಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ತಂಗಿಗೆ ಸಿಟ್ಟು ಬಂತು. ಬರಲಿ, ಅವಳಿಗೇನು ಗೊತ್ತು?

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ದೇವರ ಕೋಣೆಯಲ್ಲಿ ಇವರು ಹಾಗೇ ಕೂತಿದ್ದಾರೆ! ಅಂಗೈಯಲ್ಲಿ ಲಿಂಗ, ಹಣೆಯ ವಿಭೂತಿ ಒಣಗಿ ಉದುರಿದೆ. ಸೊಸೆ ಬಾಗಿಲಲ್ಲಿ ಅಳುತ್ತಿದ್ದಳು. ಅವಳು ಹೇಳಿದ್ದು ಕಿವಿಗೆ ಬಿತ್ತಂತೆ, ಕೈಗೆ ಬರಲಿಲ್ಲವಂತೆ. ಬೆಳಗಿನಿಂದ ಊಟವಿಲ್ಲ. ಮಧ್ಯಾಹ್ನದ ಮಾತ್ರೆ ಕೊಡಹೋದರೆ, "ಕೈಯಲ್ಲಿ ಲಿಂಗ ಇಟ್ಕೊಂಡು ಮಾತ್ರೆ ನುಂಗ್ಲಾ?" ಎಂದು ಗದರಿದರಂತೆ.

ನನಗೆ ರೇಗಿಹೋಯಿತು. ಇವರ ಮೇಲೋ, ನನ್ನ ಮೇಲೋ, ಆ ಶಿವನ ಮೇಲೋ. ಚೀಲ ಅಲ್ಲೇ ಬಿಸಾಕಿ ಎದುರು ಕೂತು, ಕೊರಳಿನ ಕರಡಿಗೆಗೆ ಕೈ ಹಾಕಿದೆ.

"ಏ, ಬಸ್ಸಲ್ಲಿ ಬಂದವಳು. ಮೊದ್ಲು ಸ್ನಾನ ಮಾಡಿ ಬಾ" ಎಂದರು.

ಅದು ನೆನಪಿದೆ ನೋಡಿ! ಗಂಧ ನೆನಪಿಲ್ಲ, ಪತ್ರೆ ನೆನಪಿಲ್ಲ, ನನ್ನ ಸ್ನಾನ ನೆನಪಿದೆ. "ಸಾಕು ಮಾಡ್ರೀ, ಹಸಿದು ಸಾಯ್ತೀರಿ!" ಎಂದು ಕಿರುಚಿದೆ. ಅವರು ಅಂಗೈ ಎದೆಗೆ ಹತ್ತಿರ ಹಿಡಿದುಕೊಂಡರು, ಅಷ್ಟೇ.

ಬಚ್ಚಲಿಗೆ ಹೋದೆ. ಹಂಡೆಯ ನೀರು ತಣ್ಣಗಾಗಿತ್ತು. ಅಳುತ್ತಲೇ ತಲೆಗೆ ಸುರಿದುಕೊಂಡೆ. ಒಳಗಿನಿಂದ ಸದ್ದೇ ಇಲ್ಲ. ಹೆದರಿಕೆಯಾಗಿ ಬಾಗಿಲು ಸ್ವಲ್ಪ ತೆಗೆದು, "ರೀ, ಅಲ್ಲೇ ಇದ್ದೀರಲ್ಲ?" ಎಂದು ಕೂಗಿದೆ.

"ಇದನ್ನ ಹಿಡ್ಕೊಂಡು ಎಲ್ಲಿಗೆ ಹೋಗ್ಲೇ ಮಾರಾಯ್ತಿ?" ಎಂದರು.