ಪ್ರಶ್ನೆ ಮೇಷ್ಟ್ರು
ಆಸ್ಪತ್ರೆಗಳಲ್ಲಿ ರೋಗಿಗಳು ಎಷ್ಟು ಸುರಕ್ಷಿತ ಎಂದು ಸಂಶೋಧನೆ ಮಾಡುವ ನಮ್ಮ ಪ್ರಶ್ನೆ ಮೇಷ್ಟ್ರು ವಾರ್ಡಿಗೆ ಕಾಲಿಟ್ಟರೆ ಸಾಕು, ನರ್ಸುಗಳಿಗೆಲ್ಲ ಒಟ್ಟಿಗೇ ತುರ್ತು ಕೆಲಸ ನೆನಪಾಗುತ್ತದೆ. ಕೈಗೆ ಸಿಕ್ಕವರನ್ನು ಮಾತ್ರ ಅವರು ಬಿಡುವುದಿಲ್ಲ. "ತಪ್ಪಾದರೆ ಹೇಳೋಕೆ ಹೆದರಿಕೇನಾ ಸಿಸ್ಟರ್?" ಎಂದರೆ, ಸಿಸ್ಟರು ಹೆಡ್ ನರ್ಸಿನ ಮುಖ ನೋಡಿ, "ಹೆದರಿಕೆ ಯಾಕೆ ಸಾರ್?" ಎನ್ನುತ್ತಾರೆ. ಆಗ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಮುಚ್ಚಿಟ್ಟ ತಪ್ಪು ಇನ್ನೊಬ್ಬರ ಪ್ರಾಣ ತೆಗೆಯುತ್ತಮ್ಮ" ಎಂದು ಪಾಠ ಶುರುಮಾಡುತ್ತಾರೆ. ಹೋದ ತಿಂಗಳು ಅವರ ತಂಗಿಯೇ ಆಪರೇಷನ್ ಆಗಿ ಮಲಗಿದ್ದಳು. ಪಕ್ಕದ ಹಾಸಿಗೆಯವರ ಇಂಜೆಕ್ಷನ್ನನ್ನು ನರ್ಸೊಬ್ಬಳು ತಂಗಿಯ ತೋಳಿಗೆ ಹಿಡಿದದ್ದು ಕಂಡು ಮೇಷ್ಟ್ರು ಕೈ ಅಡ್ಡ ಹಿಡಿದು ತಡೆದರು. "ಯಾರಿಗೂ ಹೇಳಬೇಡಿ ಸಾರ್, ಕೆಲಸ ಹೋಗುತ್ತೆ" ಎಂದು ಆಕೆ ಕೈಮುಗಿದಳು. ತಂಗಿ ಇನ್ನೂ ಹತ್ತು ದಿನ ಈ ನರ್ಸುಗಳ ಕೈಯಲ್ಲೇ ಇರಬೇಕಲ್ಲ ಎಂದು ಮೇಷ್ಟ್ರಿಗೂ ಹೆದರಿಕೆಯಾಯಿತು. ಅವರು ಯಾರಿಗೂ ಹೇಳಲಿಲ್ಲ. ಆಕೆ ಸೂಜಿ ಹಿಡಿದು ಬಂದಾಗೆಲ್ಲ ಎದ್ದು ನಿಂತು ನಗುತ್ತಿದ್ದರು.